ಮೂರು ಪಂಥ, ಒಂದು ಹಾಲ್, ಒಬ್ಬರೇ ಮೆತ್ತೆಯಕ್ಕ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲನ್ನು ಒಬ್ಬ ಹೆಂಗಸು ಹತ್ತುತ್ತಿದ್ದಾರೆ. ವಯಸ್ಸು ಐವತ್ತೇಳು, ಬಲ ಮೊಣಕಾಲಿಗೆ ಮಾತ್ರ ಎಂಬತ್ತು. ಒಟ್ಟು ಇಪ್ಪತ್ತೇಳು ಮೆಟ್ಟಿಲು. ಹದಿನಾಲ್ಕನೆಯದರಲ್ಲಿ ನಿಂತು ಆ ಮೊಣಕಾಲಿಗೆ ಬಯ್ಯುತ್ತಾರೆ: "ನಡಿಯೇ, ಬೆಳಿಗ್ಗೆ ಬೆಳಿಗ್ಗೆ ನಿನ್ನ ನಖರಾ ಶುರು ಮಾಡ್ಬೇಡ." ಮೊಣಕಾಲು ಗೊಣಗಿಕೊಂಡೇ ಉಳಿದ ಹದಿಮೂರನ್ನು ಹತ್ತುತ್ತದೆ.

ಮೇಲೆ ಒಂದು ಉದ್ದನೆಯ ಹಾಲ್. ಬೀಗ ತೆಗೆದು ಒಂದೇ ಒಂದು ದೀಪ ಹಾಕುತ್ತಾರೆ. ಆ ತುದಿಯಲ್ಲಿ ಮರದ ಬುದ್ಧ ಕಣ್ಣು ಅರೆ ಮುಚ್ಚಿ ಕೂತಿದ್ದಾನೆ. "ಎದ್ದಿದ್ದೀರಾ? ನಿಮ್ಮದೇ ವಾಸಿ, ಮಲಗೋ ತಾಪತ್ರಯವೇ ಇಲ್ಲ" ಎಂದು ಅವನಿಗೊಂದು ಮಾತು ಒಗೆದು ಪೊರಕೆ ಹಿಡಿಯುತ್ತಾರೆ. ಗುಡಿಸಿ, ಒರೆಸಿ, ನೆಲ ಆರುವವರೆಗೆ ಬಾಗಿಲಲ್ಲಿ ನಿಂತು, ಆಮೇಲೆ ಮೂವತ್ತೆರಡು ಚೌಕ ಹಾಸುಗಳನ್ನು ಎಂಟೆಂಟರಂತೆ ನಾಲ್ಕು ಸಾಲಾಗಿ ಬುದ್ಧನ ಕಡೆಗೆ ಹಾಸುತ್ತಾರೆ. ಒಂದೊಂದರ ಮೇಲೂ ಒಂದು ಗುಂಡು ಮೆತ್ತೆ. ಮುಂದೆ ಹಿರಿಯ ಭಿಕ್ಷುವಿನ, ಅಂದರೆ ಎಲ್ಲರೂ ಭಂತೆ ಎಂದು ಕರೆಯುವವರ, ಪೀಠ. ಅದು ಉಳಿದೆಲ್ಲದಕ್ಕಿಂತ ಒಂದು ಗೇಣು ಎತ್ತರ ಇರಬೇಕು. ಟೇಪು ಗೀಪು ಇಲ್ಲ, ಅವರ ಗೇಣೇ ಅಳತೆ.

ಐದೂವರೆಗೆ ಜನ ಬರುತ್ತಾರೆ. ಒಬ್ಬರು ಮನೆಯಿಂದಲೇ ದಪ್ಪನೆಯ ಮೆತ್ತೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದಾರೆ. ಇವರು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾರೆ.

"ಅದು ಒಳಗೆ ಬೇಡ ಸ್ವಾಮಿ."

"ಸೊಂಟ ನೋವು ಅಕ್ಕ."

"ನೋವು ಇರಲಿ. ಭಂತೆಗಿಂತ ಎತ್ತರ ಕೂರೋಷ್ಟು ಇನ್ನೂ ಬೆಳೆದಿಲ್ಲ ನೀವು. ತಗೊಳ್ಳಿ, ಇದು ತೆಳ್ಳಗಿದೆ, ಒಳಗೆ ಗಟ್ಟಿ. ಸೊಂಟಕ್ಕೆ ಇದೇ ಒಳ್ಳೇದು."

ಆತ ಮೆತ್ತೆ ಬದಲಾಯಿಸಿಕೊಳ್ಳುತ್ತಾರೆ. ಕೆಳಗಿಳಿದರೆ ಆತ ದೊಡ್ಡ ಆಫೀಸಿನ ದೊಡ್ಡ ಮನುಷ್ಯ. ಇಲ್ಲಿ ಮೆತ್ತೆಯಕ್ಕ ಕೊಟ್ಟ ಮೆತ್ತೆಯ ಮೇಲೆ ಕೂರುವ ಮೂವತ್ತೆರಡು ಜನರಲ್ಲಿ ಒಬ್ಬ.

ಮೆತ್ತೆಯಕ್ಕ ಎಂದೇ ಎಲ್ಲರೂ ಕರೆಯುವುದು. ಹತ್ತೊಂಬತ್ತು ವರ್ಷದಿಂದ ಈ ಹಾಲಿನ ಗುಡಿಸುವಿಕೆ, ಹಾಸುವಿಕೆ, ಮಡಚುವಿಕೆ ಎಲ್ಲ ಇವರದೇ. ಕೇಳಿದವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಹಾಗೆ ಅನ್ನಿಸಿದ ಮಹನೀಯರೇ ಮೊನ್ನೆ ಮೊನ್ನೆ ಇವರನ್ನು ಮನೆಗೆ ಕಳಿಸಿದ್ದರು. ಆ ಕತೆಗೆ ಬರೋಣ. ಮೊದಲು ಕೆಲಸ ಏನೆಂದು ನೋಡಿ.

ಹಾಲ್ ಒಂದೇ, ಆದರೆ ಅದರಲ್ಲಿ ದಿನಕ್ಕೆ ಮೂರು ಬೌದ್ಧ ಪಂಥಗಳು ಕೂರುತ್ತವೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಥೇರವಾದದವರು. ಎಲ್ಲಕ್ಕಿಂತ ಹಳಬರು, ನಿಯಮದ ಜನ. ಅವರು ಬುದ್ಧನಿಗೂ ಭಿಕ್ಷುವಿಗೂ ಮುಖ ಮಾಡಿ ಕೂರುತ್ತಾರೆ. ಎಂಟರಿಂದ ಹತ್ತರವರೆಗೆ ಝೆನ್‌ನವರು. ಅವರು ಬುದ್ಧನಿಗೂ ಬೆನ್ನು, ಗುರುವಿಗೂ ಬೆನ್ನು, ಗೋಡೆಗೆ ಮುಖ. ಸಂಜೆ ಐದರಿಂದ ಏಳರವರೆಗೆ ವಜ್ರಯಾನದವರು. ಅವರದು ನಡುವೆ ಓಣಿ ಬಿಟ್ಟು ಎದುರುಬದುರು ಸಾಲು. ಮುಂದೆ ಗಿಡ್ಡ ಮೇಜು, ಮೇಜಿನ ಮೇಲೆ ಗ್ರಂಥ, ಪಕ್ಕದಲ್ಲಿ ಡೋಲು, ಕೊಂಬು, ಗಂಟೆ. ಒಬ್ಬನೇ ಬುದ್ಧ, ಮೂರು ದಿಕ್ಕಿನ ಶಿಷ್ಯರು. ದಿನಕ್ಕೆ ಮೂರು ಸಲ ಹಾಲನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಮೂವತ್ತೆರಡು ಹಾಸು ಮೂರು ಸಲ ಹಾಸಿ ಮೂರು ಸಲ ಎತ್ತಿದರೆ ನೂರ ತೊಂಬತ್ತೆರಡು ಸಲ ಬಗ್ಗಿ ಏಳಬೇಕು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಯಜಮಾನರು ಈ ಲೆಕ್ಕ ಹಾಕಿ, "ನೀನು ಹಾಕಿದಷ್ಟು ನಮಸ್ಕಾರ ಆ ಭಂತೆಯೂ ಹಾಕಿಲ್ಲ ಕಣೇ" ಅಂದಿದ್ದಾರಂತೆ.

ಮೂರು ಪಂಥ ಯಾಕಾಯಿತು ಎಂದು ಕೇಳಿದರೆ ದಪ್ಪ ಪುಸ್ತಕದವರು ನಾಲ್ಕು ಗಂಟೆ ಹೇಳುತ್ತಾರೆ. ಮೆತ್ತೆಯಕ್ಕ ಮೆತ್ತೆಯ ಧೂಳು ಕೊಡವುತ್ತಲೇ ಹೇಳಿ ಮುಗಿಸುತ್ತಾರೆ.

"ಬುದ್ಧ ಹೋಗ್ಬಿಟ್ರು. ಹೋಗ್ತಾ ಸಣ್ಣಪುಟ್ಟ ನಿಯಮ ಬೇಕಾದ್ರೆ ಬಿಟ್ಬಿಡಿ ಅಂದ್ರಂತೆ. ಯಾವುದು ಸಣ್ಣಪುಟ್ಟ ಅಂತ ಮಾತ್ರ ಯಾರೂ ಕೇಳ್ಕೊಂಡಿಲ್ಲ. ಅಲ್ಲೇ ಎಡವಟ್ಟಾಗಿದ್ದು. ನೂರು ವರ್ಷ ಆದ್ಮೇಲೆ ಜಗಳ. ಕೊಂಬಿನೊಳಗೆ ಉಪ್ಪು ಕೂಡಿಟ್ಕೋಬಹುದಾ? ಮಧ್ಯಾಹ್ನ ದಾಟಿ ನೆರಳು ಎರಡು ಬೆರಳು ಉದ್ದ ಆದ್ಮೇಲೂ ಉಣ್ಣಬಹುದಾ? ಇಂಥಾ ಹತ್ತು ಪ್ರಶ್ನೆಗೆ ಸಭೆ ಸೇರಿದ್ರಂತೆ. ಭಂತೆ ಪಾಠ ಮಾಡೋವಾಗ ಹಿಂದೆ ನಿಂತು ಕೇಳಿದ್ದು. ಉಪ್ಪಿಗೆ ಶುರುವಾದ ಜಗಳ ಇನ್ನೂ ನಡೀತಾ ಇದೆ. ನಮ್ಮ ಮನೇಲಿ ಹಾಗಲ್ಲ, ಉಪ್ಪಿನ ಜಗಳ ಊಟ ಮುಗಿಯೋದ್ರೊಳಗೆ ಮುಗಿಯುತ್ತೆ."

ಝೆನ್‌ನವರ ಮುಖ್ಯಸ್ಥರನ್ನು ಇವರು ಗೋಡೆ ಮೇಷ್ಟ್ರು ಅನ್ನುತ್ತಾರೆ. ಅವರ ಪರಂಪರೆಯ ಮೂಲಗುರು ಗುಹೆಯೊಳಗೆ ಒಂಬತ್ತು ವರ್ಷ ಗೋಡೆ ನೋಡುತ್ತ ಕೂತಿದ್ದರೆಂದು ಮೇಷ್ಟ್ರು ಒಮ್ಮೆ ಹೇಳಿದರಂತೆ. "ನಾನು ಕೇಳ್ದೆ, ಒಂಬತ್ತು ವರ್ಷ ಆ ಗುಹೆ ಗುಡಿಸಿದವರು ಯಾರು ಮೇಷ್ಟ್ರೇ ಅಂತ. ಮೇಷ್ಟ್ರು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಸುಮ್ಮನಿದ್ದಿದ್ದೇ ಉತ್ತರ ಅಂದ್ರು. ಆಗಲಿ ಬಿಡಿ, ನಮಗೆ ಉತ್ತರ ಗೊತ್ತಿಲ್ಲದಾಗ ನಾವೂ ಸುಮ್ಮನಿರ್ತೀವಿ."

ಈ ಗೋಡೆಯ ಮೇಲೆ ಹಿಂದೊಮ್ಮೆ ಒದ್ದೆಯ ಕಲೆಯೊಂದು ಬಂದಿತ್ತು. ನಲವತ್ತು ನಿಮಿಷ ಗೋಡೆಯನ್ನೇ ನೋಡುವವರ ಕಣ್ಣಿಗೆ ಹೊಲಸು ಬೀಳಬಾರದೆಂದು ಮೆತ್ತೆಯಕ್ಕ ಒಂದು ರಜೆಯ ದಿನ ತಾವೇ ಬಂದು ಸುಣ್ಣ ಹೊಡೆದರು. ಮಾರನೆಯ ದಿನ ಅರ್ಧ ಡಜನ್ ಜನ ಮುಖ ಸಪ್ಪಗೆ ಮಾಡಿಕೊಂಡು ಬಂದರು: ಆ ಕಲೆ ಇಲ್ಲದೆ ಮನಸ್ಸು ನಿಲ್ಲುತ್ತಿಲ್ಲ. "ಅಂಟು ಬಿಡಬೇಕು, ಅಂಟು ಬಿಡಬೇಕು ಅಂತ ಬೆಳಗಾದ್ರೆ ಹೇಳ್ಕೊಳ್ಳೋರು. ಅಂಟಿದ್ದು ಗೋಡೆ ಕಲೆಗೆ" ಎಂದು ಮೆತ್ತೆಯಕ್ಕ ಸೆರಗು ಬಾಯಿಗಿಟ್ಟು ನಗುತ್ತಾರೆ.

ಸಂಜೆಯ ವಜ್ರಯಾನದವರ ಮುಖ್ಯಸ್ಥೆ ಒಬ್ಬ ಭಿಕ್ಷುಣಿ. ಕೈಯಲ್ಲಿ ಸದಾ ಗಂಟೆ, ಹಾಗಾಗಿ ಗಂಟೆ ಅಮ್ಮ. ಈ ಪಂಥದ ಸಿದ್ಧತೆ ಎಲ್ಲಕ್ಕಿಂತ ನಾಜೂಕು. ಬುದ್ಧನ ಮುಂದೆ ಏಳು ಬಟ್ಟಲಲ್ಲಿ ನೀರು ತುಂಬಬೇಕು. ಎಡದಿಂದ ಬಲಕ್ಕೆ ತುಂಬಬೇಕು. ಒಂದು ಬಟ್ಟಲಿಗೂ ಇನ್ನೊಂದಕ್ಕೂ ಒಂದು ಕಾಳು ಹಿಡಿಸುವಷ್ಟು ಸಂದು. ಅಂಚಿಗೆ ಒಂದು ಕಾಳಿನಷ್ಟು ಕಡಿಮೆ ನೀರು. ಮುಗಿದ ಮೇಲೆ ಬಲದಿಂದ ಎಡಕ್ಕೆ ಚೆಲ್ಲಿ, ಒರೆಸಿ, ಬೋರಲು ಹಾಕಬೇಕು. ಗ್ರಂಥ ನೆಲಕ್ಕೆ ತಾಗಬಾರದು, ಯಾರೂ ಅದನ್ನು ದಾಟಬಾರದು. ಮೆತ್ತೆಯಕ್ಕ ಒಂದು ಹನಿಯನ್ನೂ ಹೊರಗೆ ಬೀಳಿಸುವುದಿಲ್ಲ. ಬಟ್ಟಲು ತುಂಬುವಾಗ ಮಾತ್ರ ಅವರ ಬಾಯಿ ಬಂದ್ ಇರುತ್ತದೆ. ಇಡೀ ದಿನದಲ್ಲಿ ಆ ನಾಲ್ಕು ನಿಮಿಷ ಮಾತ್ರ.

ಇನ್ನು ಹಿರಿಯ ಭಿಕ್ಷು. ವಯಸ್ಸು ಎಪ್ಪತ್ತೆಂಟು, ಸಕ್ಕರೆ ಕಾಯಿಲೆ, ವಾಸ ಹಾಲಿನ ಹಿಂದಿನ ಕೋಣೆಯಲ್ಲಿ. ಬೆಳಿಗ್ಗೆ ಒಂದು ಲೋಟ ಚಹಾ, ಹನ್ನೊಂದಕ್ಕೆ ಒಂದು ಊಟ. ಹೊತ್ತು ನೆತ್ತಿಗೆ ಬಂದ ಮೇಲೆ ಮರುದಿನ ಬೆಳಗಾಗುವವರೆಗೆ ಅನ್ನ ಮುಟ್ಟುವಂತಿಲ್ಲ. ಅದರ ಜೊತೆಗೆ ಇನ್ನೊಂದು ನಿಯಮ: ಯಾರಾದರೂ ಕೈಯಾರೆ ಕೊಟ್ಟದ್ದನ್ನಷ್ಟೇ ಅವರು ತಿನ್ನಬೇಕು. ಎದುರಿಗಿದ್ದರೂ ತಾವೇ ತೆಗೆದುಕೊಳ್ಳುವಂತಿಲ್ಲ. ಕೊಟ್ಟ ಮೇಲೆ ಬೇರೊಬ್ಬರು ಆ ತಟ್ಟೆ ಮುಟ್ಟಿದರೆ ಮತ್ತೆ ಹೊಸದಾಗಿ ಕೊಡಬೇಕು. ಈ ಕೊಡುವ ಕೆಲಸವೂ ಹತ್ತೊಂಬತ್ತು ವರ್ಷದಿಂದ ಮೆತ್ತೆಯಕ್ಕನದೇ.

ಧ್ಯಾನ ಮುಗಿಯಿತೆಂದು ಕಂಚಿನ ಬೋಗುಣಿಯನ್ನು ಮರದ ಕೊಡತಿಯಿಂದ ಮೂರು ಸಲ ಬಾರಿಸುವುದೂ ಅವರದೇ. ಅದು ಮೊದಲಿಗೆ ಅವರ ಪಾಲಿಗಿರಲಿಲ್ಲ. ಬಾರಿಸುವ ಅಧಿಕಾರ ಯಾವ ಪಂಥದ್ದು ಎಂದು ಮೂರೂ ಕಡೆಯವರು ಒಂದು ತಿಂಗಳು ಪತ್ರ ಬರೆದಾಡಿಕೊಂಡರು. ಕೊನೆಗೆ ಯಾವ ಪಂಥಕ್ಕೂ ಸೇರದ ಕೈ ಎಂದು ಇವರ ಕೈಗೆ ಕೊಡತಿ ಬಂತು.

ಈ ಹಾಲಿಗೆ ಬರುವ ಮುಂಚೆ ಮೆತ್ತೆಯಕ್ಕ ಹದಿನೈದು ವರ್ಷ ಒಂದು ಸಿನಿಮಾ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದರು. ಥಿಯೇಟರ್ ಮುಚ್ಚಿತು. ಕೆಲಸವಿಲ್ಲದೆ ಎಂಟು ತಿಂಗಳು ಅಲೆದರು, ಹೊಟ್ಟೆಯಲ್ಲಿ ಮಗಳಿದ್ದಳು. ಆ ಮಗಳು ಈಗ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. "ನಾನು ಬಾಯಿ ತೆಗೆಸ್ತೀನಿ, ಅಮ್ಮ ಬಾಯಿ ಮುಚ್ಚಿಸ್ತಾಳೆ" ಅನ್ನುತ್ತಾಳೆ. ಮೆತ್ತೆಯಕ್ಕನಿಗೆ ಥಿಯೇಟರಿಗೂ ಹಾಲಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. "ಅಲ್ಲೂ ಕತ್ತಲೇಲಿ ಜನರನ್ನ ಕೂರಿಸೋದೇ. ಅಲ್ಲಿ ಎಲ್ಲರೂ ಒಂದೇ ಕಡೆ ನೋಡ್ತಿದ್ರು, ಅಷ್ಟೇ. ಗೊರಕೆ ಎರಡೂ ಕಡೆ ಇದೆ."

ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳಿ ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಮರೆ ಮಾಡಿದ ಎಲೆ ಯಾರು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳೋಣ. ಹಾಲಿಗೆ ಹದಿನೈದು ತುಂಬಿದಾಗ ನೂರ ಹನ್ನೆರಡು ಪುಟಗಳ ಸ್ಮರಣ ಸಂಚಿಕೆ ಬಂತು. ಫ್ಯಾನ್ ಕೊಟ್ಟವರಿಗೆ ಕೃತಜ್ಞತೆ, ಫ್ಯಾನ್ ಹಾಕಿದವರಿಗೆ ಕೃತಜ್ಞತೆ, ಗೋಡೆಯ ಮೇಲೆ ಎರಡು ಪುಟದ ಪದ್ಯ. ಆ ಗೋಡೆ ಒರೆಸಿದವರ ಸುದ್ದಿ ಎಲ್ಲೂ ಇಲ್ಲ. ಕರುಣೆಯ ಬಗ್ಗೆ ಅದರಲ್ಲಿ ಒಂಬತ್ತು ಲೇಖನ! ಸಕಲ ಜೀವಿಗಳೂ ಸುಖವಾಗಿರಲಿ ಎಂದು ಬೆಳಿಗ್ಗೆ, ಸಂಜೆ ಹೇಳುವ ಬಾಯಿಗಳಿಗೆ ಬಾಗಿಲಲ್ಲಿ ನಿಂತ ಜೀವಿಯೊಂದು ಹತ್ತೊಂಬತ್ತು ವರ್ಷ ಕಾಣಲಿಲ್ಲ. ಕಂಡಾಗ ಏನು ಮಾಡಿದರು? ತೆಗೆದುಹಾಕಿದರು.

ಎರಡು ತಿಂಗಳ ಹಿಂದಿನ ಮಾತು. ಮೂರೂ ಪಂಥಗಳ ಸಮಿತಿ ಒಂದು ಠರಾವು ಮಾಡಿತು. ಬರೆದವರು ಕಾರ್ಯದರ್ಶಿ. ಅವರು ನಿವೃತ್ತ ಕಾಲೇಜು ಉಪನ್ಯಾಸಕರು, ನೀರು ಕುಡಿಯುವುದಕ್ಕೂ ಸುತ್ತೋಲೆ ಹೊರಡಿಸುವ ಪೈಕಿ. ಸೇವೆಯಲ್ಲಿ ಅಹಂಕಾರ ಕರಗಬೇಕಾದ್ದರಿಂದ ಇನ್ನು ಮುಂದೆ ಸಾಧಕರೇ ಸರದಿಯ ಮೇಲೆ ಹಾಲ್ ನೋಡಿಕೊಳ್ಳತಕ್ಕದ್ದು. ಸೋಮವಾರದಿಂದ ಶನಿವಾರದವರೆಗೆ ಪ್ರಯೋಗ. ಯಶಸ್ವಿಯಾದರೆ ಅದೇ ಕಾಯಂ. ಶನಿವಾರ ಮೂರೂ ಪಂಥದವರು ಮೊದಲ ಬಾರಿಗೆ ಒಟ್ಟಿಗೆ ಕೂರುವ ಕಾರ್ಯಕ್ರಮವೂ ಇತ್ತು.

"ಬೀಗದ ಕೈ ಕೊಡಿ ಅಕ್ಕ ಅಂದ್ರು. ಕೊಟ್ಟೆ" ಎನ್ನುತ್ತಾರೆ ಮೆತ್ತೆಯಕ್ಕ. "ಅವರ ಅಹಂಕಾರ ಕರಗೋಕೆ ನನ್ನ ಕೆಲಸವೇ ಬೇಕಿತ್ತಾ? ಮನೇಲಿ ಪಾತ್ರೆ ಇರಲಿಲ್ವಾ ತೊಳೆಯೋಕೆ? ಹಾಗಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಮೆಟ್ಟಿಲು ಇಳಿಯೋವಾಗ ಮೊಣಕಾಲು ನೋಯಲಿಲ್ಲ ನೋಡಿ, ಅದಕ್ಕೇ ಜಾಸ್ತಿ ಸಿಟ್ಟು ಬಂತು."

ಆ ವಾರ ಮೆತ್ತೆಯಕ್ಕ ಮನೆಯಲ್ಲಿ ಕೂರಲಾರದೆ ಕೂತರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಯಜಮಾನರ ತಲೆದಿಂಬಿನ ಧೂಳು ಕೊಡವಿದರು. ಯಜಮಾನರು ಆ ಹೊತ್ತಿಗೆ ಅದರ ಮೇಲೆ ತಲೆಯಿಟ್ಟು ಮಲಗಿದ್ದರು. ಮೂರನೆಯ ದಿನ ಯಜಮಾನರು ಕೈ ಮುಗಿದರು: "ತಾಯೀ, ಇದು ಡಿಪೋ ಅಲ್ಲ, ಮನೆ."

ಅತ್ತ ಹಾಲಿನಲ್ಲಿ ಅಹಂಕಾರ ಕರಗುತ್ತಿತ್ತು. ಸೋಮವಾರ ಬೆಳಿಗ್ಗೆ ಸ್ವಯಂಸೇವಕರೊಬ್ಬರು ಭಕ್ತಿಯಿಂದ ಚಹಾ ತಂದು ಭಿಕ್ಷುವಿನ ಮುಂದೆ ಇಟ್ಟು, ಕೈಗೆ ಕೊಡುವುದನ್ನು ಮರೆತು ಹೋಗಿ ಧ್ಯಾನಕ್ಕೆ ಕೂತರು. ಕೈಗೆ ಬಾರದ್ದನ್ನು ಭಿಕ್ಷು ತೆಗೆದುಕೊಳ್ಳುವಂತಿಲ್ಲ. ಹೊಗೆ ಏಳುವ ಚಹಾ, ಹೊಗೆ ನಿಂತ ಚಹಾ, ಕೆನೆ ಕಟ್ಟಿದ ಚಹಾ, ಒಂದೂವರೆ ಗಂಟೆ ನೋಡಿದರು. ಅಂದಿನ ಉಪನ್ಯಾಸ ಅನಿತ್ಯದ ಬಗ್ಗೆ ಇತ್ತು. ಬಹಳ ಮನಮುಟ್ಟುವಂತಿತ್ತಂತೆ.

ಝೆನ್‌ನವರದು ಬೇರೆ ಫಜೀತಿ. ಗುಡಿಸುವುದೂ ಧ್ಯಾನವೇ ಎಂಬುದು ಅವರ ಸಿದ್ಧಾಂತ. ಸರಿ, ಪೂರ್ತಿ ಎಚ್ಚರದಿಂದ ಗುಡಿಸತೊಡಗಿದರು. ಒಂದು ಹಾಸು ಮಡಚಲು ಮೂರು ನಿಮಿಷ. ಮಡಚುವ ಮುಂಚೆ ಅದಕ್ಕೊಂದು ನಮಸ್ಕಾರ, ಮಡಚಿದ ಮೇಲೆ ಇನ್ನೊಂದು. ಮಂಗಳವಾರ ಹತ್ತಕ್ಕೆ ಶುರುವಾದ ಗುಡಿಸುವಿಕೆ ಮಧ್ಯಾಹ್ನ ಎರಡಾದರೂ ಬಾಗಿಲಿಗೆ ಬಂದಿರಲಿಲ್ಲ. ಸಂಜೆ ಗಂಟೆ ಅಮ್ಮನ ಕಡೆಯವರು ಡೋಲು, ಕೊಂಬು ಹೊತ್ತು ಬಂದರೆ ಒಬ್ಬರು ಇನ್ನೂ ಮೂಲೆಯ ಕಸವನ್ನು ಅರಿಯುತ್ತಿದ್ದರು.

ಬುಧವಾರ ವಜ್ರಯಾನದವರು ಏಳು ಬಟ್ಟಲನ್ನು ಅಂದವಾಗಿ ತುಂಬಿದರು, ಚೆಲ್ಲಲು ಮರೆತರು. ಗುರುವಾರ ಬೆಳಿಗ್ಗೆ ಥೇರವಾದದ ಸಾಲಿನಲ್ಲಿ ಒಬ್ಬ ಅಜ್ಜನಿಗೆ ಕೆಮ್ಮು ಹತ್ತಿತು. ಪಕ್ಕದವರು ನೋಡಿದರು: ಎದುರಿಗೇ ನೀರು! ಎಂಥಾ ವ್ಯವಸ್ಥೆ ಎಂದು ಒಂದು ಬಟ್ಟಲನ್ನು ಅಜ್ಜನಿಗೆ ಕುಡಿಸಿದರು. ಸಂಜೆ ಗಂಟೆ ಅಮ್ಮ ಎಣಿಸಿದರೆ ಆರು ಬಟ್ಟಲಲ್ಲಿ ನೀರು, ಏಳನೆಯದು ಅಜ್ಜನ ಮೆತ್ತೆಯ ಕೆಳಗೆ. ಶುಕ್ರವಾರ ಇಡೀ ದಿನ ಆ ಬಟ್ಟಲಿನ ಬಗ್ಗೆ ಸುತ್ತೋಲೆಗಳು ಹಾರಾಡಿದವು. ಎಲ್ಲವೂ ಶೂನ್ಯ ಎಂದು ಕಲಿಸುವ ಗ್ರಂಥವನ್ನು ಮುಂದಿಟ್ಟುಕೊಂಡು ಒಂದು ಬಟ್ಟಲಿಗಾಗಿ ಕಾದಾಡಿದರು.

ಶನಿವಾರ ಬಂತು. ಹಾಸು ಇರುವುದೇ ಮೂವತ್ತೆರಡು, ಹಾಗಾಗಿ ಎಲ್ಲ ಕಡೆಯಿಂದ ಆರಿಸಿ ಮೂವತ್ತೆರಡು ಜನ, ಜೊತೆಗೆ ಹಿರಿಯ ಭಿಕ್ಷು. ಹೇಗೆ ಕೂರುವುದೆಂದು ಮುಕ್ಕಾಲು ಗಂಟೆ ಚರ್ಚೆಯಾಗಿ, ಯಾರ ಮನಸ್ಸೂ ನೋಯಬಾರದೆಂದು ಅವರವರ ಪಾಲಿಗೆ ಅವರವರಂತೆ ಹಾಸಿಕೊಂಡರು. ಹತ್ತು ಜನ ಭಿಕ್ಷುವಿನ ಕಡೆಗೆ, ಹನ್ನೊಂದು ಜನ ಗೋಡೆಯ ಕಡೆಗೆ, ಉಳಿದ ಹನ್ನೊಂದು ಜನ ಎದುರುಬದುರು. ಬೆಸ ಬಿದ್ದ ಒಬ್ಬರ ಎದುರಿಗೆ ಕಂಬ. ಒಂಬತ್ತಕ್ಕೆ ಶುರು, ಹತ್ತಕ್ಕೆ ಮುಕ್ತಾಯ, ಹತ್ತೂವರೆಗೆ ಊಟ ಎಂದು ಕಾರ್ಯದರ್ಶಿಯ ಸುತ್ತೋಲೆ. ಫೋನುಗಳೆಲ್ಲ ಬಂದ್ ಆಗಿ ಡಬ್ಬಿಯೊಳಗೆ, ಕೈಗಡಿಯಾರಗಳೂ ಅಲ್ಲೇ. ಹಾಲಿನಲ್ಲಿ ಗಡಿಯಾರ ಇಲ್ಲ. ಟಿಕ್ ಟಿಕ್ ಸದ್ದಾಗುತ್ತದೆಂದು ಗೋಡೆ ಮೇಷ್ಟ್ರು ಅದನ್ನು ಹಿಂದೆಯೇ ಮೆಟ್ಟಿಲ ಬಳಿಗೆ ಸಾಗಹಾಕಿಸಿದ್ದರು.

ಆ ಸುತ್ತೋಲೆಯಲ್ಲಿ ಒಂದು ಸಾಲು ಹೀಗಿತ್ತು: "ಬೋಗುಣಿ ಬಾರಿಸುವವರು: ಸರ್ವರೂ." ಯಾವ ಪಂಥಕ್ಕೂ ಹೆಚ್ಚುಗಾರಿಕೆ ಬೇಡ ಎಂಬ ಸಮಾನತೆ.

ಸರ್ವರೂ ಬಾರಿಸಬೇಕಾದದ್ದನ್ನು ಒಬ್ಬರೂ ಬಾರಿಸಲಿಲ್ಲ. ಹತ್ತಾಯಿತು. ಹತ್ತೂವರೆಯಾಯಿತು. ಬೇರೆ ಜನ ಆಗಿದ್ದರೆ ಆಕಳಿಸಿ, ಕೆಮ್ಮಿ, ಎದ್ದು ಹೋಗುತ್ತಿದ್ದರು. ಇವರು ವರ್ಷಗಟ್ಟಲೆ ಅಲುಗಾಡದೆ ಕೂರುವುದನ್ನೇ ಕಲಿತವರು. ಮೊದಲು ಅಲುಗಾಡಿದ ಪಂಥವೇ ತಾಳ್ಮೆಯಲ್ಲಿ ಕಡಿಮೆ ಎಂದಾಗುವುದಿಲ್ಲವೆ? ಹನ್ನೊಂದಾಯಿತು. ಪಕ್ಕದ ಮೇಜಿನ ಮೇಲೆ ಊಟದ ಪಾತ್ರೆಗಳು ತಣ್ಣಗಾಗುತ್ತಿದ್ದವು. ಹನ್ನೆರಡು ದಾಟಿದರೆ ಎಪ್ಪತ್ತೆಂಟರ ಸಕ್ಕರೆ ಕಾಯಿಲೆಯ ಮುದುಕರಿಗೆ ಮರುದಿನ ಬೆಳಗಿನವರೆಗೆ ಉಪವಾಸ. ಎರಡು ಬೆರಳು ನೆರಳಿನ ರಿಯಾಯಿತಿ ಕೇಳಿದವರು ಎರಡು ಸಾವಿರದ ಚಿಲ್ಲರೆ ವರ್ಷದ ಹಿಂದೆಯೇ ಸೋತಿದ್ದರು.

ಕೆಳಗಿನ ಸೈಕಲ್ ಅಂಗಡಿಯವನಿಗೆ ಅನುಮಾನ ಬಂತು. ಮೂವತ್ತೆರಡು ಜೊತೆ ಚಪ್ಪಲಿ ಇದ್ದಲ್ಲೇ ಇವೆ, ಮೇಲೆ ಒಂದು ಸದ್ದಿಲ್ಲ. ಎರಡು ಬೀದಿ ಆಚೆಯ ಮೆತ್ತೆಯಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ನಿಮ್ಮ ಜನ ಬದುಕಿದ್ದಾರಾ ಸತ್ತಿದ್ದಾರಾ? ಹತ್ತಕ್ಕೆ ಇಳೀಬೇಕಿತ್ತು, ಈಗ ಹನ್ನೊಂದೂವರೆ."

"ನನ್ನ ಜನ ಅಲ್ಲ ಈಗ. ಹೋಗಿ ನೀನೇ ನೋಡು."

"ನೋಡಿ ಬಂದೆ. ಒಬ್ಬ ಕಂಬಕ್ಕೆ ಮುಖ ಕೊಟ್ಟು ಕೂತಿದ್ದಾನೆ. ನನಗೆ ಹೆದರಿಕೆ ಆಯ್ತು."

"ಭಂತೆ ಊಟ?"

"ಪಾತ್ರೆ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ ಅಕ್ಕ."

ಪಕ್ಕದಲ್ಲಿದ್ದ ಯಜಮಾನರು, "ಟರ್ಮಿನಸ್ ಬಂತು, ಇಳೀರಿ ಅಂತ ಯಾರಾದ್ರೂ ಕೂಗಬೇಕಲ್ಲ ಮಾರಾಯ್ತೀ, ಹೋಗು" ಎನ್ನುವಷ್ಟರಲ್ಲಿ ಮೆತ್ತೆಯಕ್ಕ ಮನೆಯ ಚಪ್ಪಲಿಯಲ್ಲೇ ಬೀದಿಯಲ್ಲಿದ್ದರು. ಹದಿನಾಲ್ಕನೆಯ ಮೆಟ್ಟಿಲಲ್ಲಿ ಅಂದು ನಿಲ್ಲಲಿಲ್ಲ. ಮೆಟ್ಟಿಲ ಬಳಿಯ ಗಡಿಯಾರದಲ್ಲಿ ಹನ್ನೊಂದು ನಲವತ್ತು. ನೇರ ಹೋಗಿ ಕೊಡತಿ ಎತ್ತಿಕೊಂಡರು. ಒಂದು ಏಟು. ಯಾರೂ ಕದಲಲಿಲ್ಲ, ನಿಯಮದಂತೆ ಮೂರು ಆಗಬೇಕು. ಎರಡು. ಮೂರು.

ಆಗ ಶುರುವಾಯಿತು ನಿಜವಾದ ಕಷ್ಟ. ಎರಡು ಗಂಟೆ ನಲವತ್ತು ನಿಮಿಷ ಕೂತ ಕಾಲುಗಳು ಒಂದೂ ಏಳಲಿಲ್ಲ. ಗೋಡೆ ಮೇಷ್ಟ್ರು ಗೋಡೆ ಹಿಡಿದರು. ಗಂಟೆ ಅಮ್ಮ ಎದುರಿನವರ ಭುಜ ಹಿಡಿದರು, ಎದುರಿನವರೇ ಉರುಳಿದರು. ಭಿಕ್ಷುವಿಗೆ ಊಟ ಕೊಡಬೇಕೆಂದು ಹೆಸರು ಬರೆಸಿದ್ದ ಐದೂ ಜನ ನೆಲದ ಮೇಲೆ ಮೀನಿನ ಹಾಗೆ ಹೊರಳಾಡುತ್ತಿದ್ದರು. ಮೆತ್ತೆಯಕ್ಕ ಅವರನ್ನೆಲ್ಲ ದಾಟಿ, ಗ್ರಂಥವನ್ನು ಮಾತ್ರ ಸುತ್ತಿ ಹೋಗಿ, ತಟ್ಟೆ ಬಡಿಸಿ ಭಿಕ್ಷುವಿನ ಕೈಗೆ ಕೊಟ್ಟರು. ಮೆಟ್ಟಿಲ ಬಳಿಯಿಂದ ಸೈಕಲ್ ಅಂಗಡಿಯವನು ಗಡಿಯಾರ ನೋಡಿ ಕೂಗಿದ: "ನಲವತ್ತಾರು!"

ಅಷ್ಟರಲ್ಲಿ ಕಾರ್ಯದರ್ಶಿ ತೆವಳಿಕೊಂಡು ಬಂದು, ಸೇವೆಯ ಉತ್ಸಾಹದಲ್ಲಿ ತಟ್ಟೆಯನ್ನು ಭಿಕ್ಷುವಿಗೆ ಇನ್ನಷ್ಟು ಹತ್ತಿರ ಸರಿಸಿದರು. ಭಿಕ್ಷುವಿನ ಕೈ ಗಾಳಿಯಲ್ಲೇ ನಿಂತಿತು.

"ಮುಟ್ಟಿದ್ರಾ?" ಎಂದರು ಮೆತ್ತೆಯಕ್ಕ.

"ಸ್ವಲ್ಪ ಹತ್ತಿರ..."

"ಸ್ವಾಮೀ, ಕೈ ಹಿಂದಕ್ಕೆ ಕಟ್ಟಿ. ಕಟ್ಟಿದ್ರಾ? ಹಾಗೇ ಇರಿ."

ತಟ್ಟೆ ಎತ್ತಿ ಮತ್ತೆ ಕೊಟ್ಟರು. "ಐವತ್ತು!" ಎಂದ ಸೈಕಲ್ ಅಂಗಡಿಯವನು. ಭಿಕ್ಷು ಎಂಟು ನಿಮಿಷದಲ್ಲಿ ಊಟ ಮುಗಿಸಿದರು. ಕೊನೆಯ ತುತ್ತಿಗೆ ಹನ್ನೊಂದು ಐವತ್ತೆಂಟು. ಮೂವತ್ತೆರಡು ಜನರೂ ಮಲಗಿದಲ್ಲಿಂದಲೇ ಆ ತುತ್ತನ್ನು ನೋಡಿದರು. ಅಂದು ಎಲ್ಲ ಪಂಥದವರ ಮುಖವೂ ಒಂದೇ ದಿಕ್ಕಿಗಿತ್ತು.

ಹೊತ್ತಾಗಿದ್ದು ಗೊತ್ತಾಗಲಿಲ್ಲವೇ ಎಂದು ಭಿಕ್ಷುವನ್ನು ಕೇಳಿದರೆ ಅವರು ಹಲ್ಲಿಲ್ಲದ ನಗು ನಗುತ್ತಾರೆ. "ಗೊತ್ತಾಯ್ತಪ್ಪ. 'ಹಸಿವು, ಹಸಿವು' ಅಂತ ಗಮನಿಸ್ತಾ ಇದ್ದೆ. ಆಮೇಲೆ 'ಸಿಟ್ಟು, ಸಿಟ್ಟು' ಅಂತ ಗಮನಿಸಿದೆ." ಗಂಟೆ ಅಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ: "ಗೋಡೆಯವರು ಅಲುಗಾಡಲಿ ಅಂತ ಕಾಯ್ತಿದ್ದೆ ಕಣಪ್ಪ." ಗೋಡೆ ಮೇಷ್ಟ್ರು ಇನ್ನೂ ಪ್ರಾಮಾಣಿಕರು: "ಒಂಬತ್ತೂಮುಕ್ಕಾಲು ಇರಬೇಕು, ಆಗಲೇ ನನ್ನ ಕಾಲು ಸತ್ತಿತ್ತು. ಏಳೋಣ ಅಂದ್ರೆ ಯಾವ ಕಾಲಲ್ಲಿ ಏಳೋದು?"

ಭಾನುವಾರ ಕಾರ್ಯದರ್ಶಿ ಕುಂಟುತ್ತಾ ಮೆತ್ತೆಯಕ್ಕನ ಮನೆಗೆ ಬಂದರು, ಬೀಗದ ಕೈ ಹಿಡಿದುಕೊಂಡು. ಜೊತೆಗೊಂದು ನೋಟ್‌ಬುಕ್. ಪ್ರಯೋಗದಿಂದ ಬಹಳ ಕಲಿತೆವು, ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಕ್ಷಮೆ ಎಂಬ ಪದ ಮಾತ್ರ ಅವರ ಬಾಯಿಂದ ಬರಲಿಲ್ಲ. ಅಷ್ಟು ಓದಿದವರಿಗೆ ಅಷ್ಟು ಸಣ್ಣ ಪದ ಸಿಗುವುದಿಲ್ಲ.

ಮೆತ್ತೆಯಕ್ಕ ಹೇಳಲು ಕೂತರು. ಹದಿನಾಲ್ಕು ಪುಟವಾಯಿತು. ಹಾಸು ಹೇಗೆ ಹಾಕಬೇಕು? ಯಾರು ಬರ್ತಾರೆ ನೋಡಿ ಹಾಕಬೇಕು. ಮಂಡಿ ನೋವಿನವರಿಗೆ ಕಂಬದ ಪಕ್ಕ, ಹಿಡಿದು ಏಳೋಕೆ ಆಗುತ್ತೆ. ಹೊಸಬರನ್ನ ಬಾಗಿಲ ಹತ್ತಿರ, ಓಡಿ ಹೋಗಬೇಕು ಅನ್ನಿಸಿದ್ರೆ ಪಾಪ ಓಡಲಿ. ಮನೇಲಿ ಸಾವಾದವರನ್ನ ಗೊರಕೆ ಹೊಡೆಯೋರ ಪಕ್ಕ ಕೂರಿಸಬಾರದು. ಜಗಳ ಆಡಿಕೊಂಡು ಬಂದ ಗಂಡ ಹೆಂಡತಿಯನ್ನ ಸಂಜೆ ಎದುರುಬದುರು ಹಾಕಬೇಡಿ, ಬೆಳಿಗ್ಗೆ ಗೋಡೆಗೆ ಹಾಕಿ.

ಹದಿನಾಲ್ಕನೆಯ ಪುಟದಲ್ಲಿ ಕಾರ್ಯದರ್ಶಿ ಪೆನ್ನು ಮುಚ್ಚಿದರು. "ಇದನ್ನ ಸುತ್ತೋಲೆ ಮಾಡೋಕಾಗಲ್ಲ. ನೀವೇ ಬನ್ನಿ ಅಕ್ಕ" ಎಂದರು.

ಮೆತ್ತೆಯಕ್ಕ ಒಂದೇ ಷರತ್ತು ಹಾಕಿದರು: ಮಂಗಳವಾರ ರಜೆ. ಆ ಒಂದು ದಿನ ಎಲ್ಲ ಪಂಥದವರೂ ತಮ್ಮ ತಮ್ಮ ಪಾಲಿನ ಬೆನ್ನು ಬಗ್ಗಿಸಬೇಕು. ಊಟ ಕೈಗೆ ಕೊಡಬೇಕು. ಬೋಗುಣಿ ಬಾರಿಸುವವರ ಹೆಸರು ಹಿಂದಿನ ದಿನವೇ ಹೇಳಬೇಕು, ಸರ್ವರೂ ಗಿರ್ವರೂ ನಡೆಯುವುದಿಲ್ಲ. ಇದನ್ನು ಹೇಳುವಾಗ ಧ್ವನಿ ಏರಲಿಲ್ಲ. ಕಾರ್ಯದರ್ಶಿ ತಲೆಯಾಡಿಸಿ ಬೀಗದ ಕೈ ಕೊಟ್ಟರು. ಮೇಜಿನ ಮೇಲೆ ಇಡಲು ಹೋದವರು, ಏನೋ ನೆನಪಾಗಿ, ಎರಡೂ ಕೈಯಲ್ಲಿ ಹಿಡಿದು ಅವರ ಕೈಗೇ ಕೊಟ್ಟರು.

ಈಗ ಏಳನೆಯ ಮಂಗಳವಾರ. ಬೆಳಿಗ್ಗೆ ಹನ್ನೊಂದೂಕಾಲು. ಮೆತ್ತೆಯಕ್ಕ ಮನೆಯ ಹೊಸಿಲ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಮೊದಲ ಮಂಗಳವಾರ ಬೋಗುಣಿ ಎಂಟು ನಿಮಿಷ ತಡ. ಮೂರನೆಯದಕ್ಕೆ ಊಟದ ತಟ್ಟೆಯನ್ನು ಎರಡು ಸಲ ಕೊಡಬೇಕಾಯಿತಂತೆ. ಇವತ್ತು ಸೈಕಲ್ ಅಂಗಡಿಯವನ ಫೋನ್ ಬರುತ್ತದೆ.

"ಅಕ್ಕಾ, ಎದ್ರು. ಹತ್ತಕ್ಕೆ ಸರಿಯಾಗಿ. ಭಂತೆಗೆ ಊಟವೂ ಆಯ್ತು. ಹಾಸು ಮಡಚಿ, ಗುಡಿಸಿ, ಎಲ್ಲರೂ ಇಳಿದುಹೋದ್ರು."

"ತಟ್ಟೆ ಎಷ್ಟು ಸಲ ಕೊಟ್ರು?"

"ಒಂದೇ ಸಲ."

ಮೆತ್ತೆಯಕ್ಕ ಫೋನ್ ಇಟ್ಟು ಮತ್ತೆ ಎಣ್ಣೆಗೆ ಬೆರಳು ಅದ್ದುತ್ತಾರೆ. ಮುಖದಲ್ಲಿರುವುದು ಸಂತೋಷವೋ ಮುನಿಸೋ ಹೇಳುವುದು ಕಷ್ಟ. ಒಳಗಿನಿಂದ ಯಜಮಾನರು, "ಏನಂತೆ?" ಎಂದು ಕೂಗುತ್ತಾರೆ.

"ಕೂರೋದು ಕಲಿಯೋಕೆ ಇಪ್ಪತ್ತು ವರ್ಷ ತಗೊಂಡ ಜನ ಕಣ್ರೀ" ಎನ್ನುತ್ತಾರೆ ಮೆತ್ತೆಯಕ್ಕ. "ಏಳೋದನ್ನ ಏಳೇ ವಾರದಲ್ಲಿ ಕಲಿಸಿದ್ದೀನಿ." ಆಮೇಲೆ ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನಮ್ಮ ಕಡೆ ತಿರುಗಿ, ಎಣ್ಣೆಯ ಬೆರಳು ಆಡಿಸಿ, ತಗ್ಗಿದ ಧ್ವನಿಯಲ್ಲಿ ಹೇಳುತ್ತಾರೆ: "ಇದೊಂದನ್ನ ಮಾತ್ರ ಪೇಪರಲ್ಲಿ ಹಾಕ್ಬೇಡಿ. ಕಲಿತುಬಿಟ್ಟಿದ್ದೀವಿ ಅಂತ ಅವರಿಗೆ ಗೊತ್ತಾದ್ರೆ ಇನ್ನೊಂದು ಸಭೆ ಕರೆದು ಬೀಗದ ಕೈ ಕೇಳ್ತಾರೆ."